ಆಷಾಢದಲ್ಲಿ ಅಳಿಯ ಹಿಡಿದ ಮೀನು

ಮೊನ್ನೆ ತವರಿಗೆ ಹೋಗಿದ್ದೆ. ಚಿಂತಾಮಣಿಯಲ್ಲಿ ಬಸ್ಸಿಳಿದು ಆಟೋ ಹತ್ತಿದೆ. ಅಂಬಾಜಿದುರ್ಗದ ಬೆಟ್ಟ ಪಕ್ಕಕ್ಕೆ ಸರಿದು ನಮ್ಮೂರ ಕೆರೆ ಏರಿ ಬರುತ್ತಿದ್ದಂತೆ ಗಾಳಿ ಬಂದು ಮುಖಕ್ಕೆ ರಾಚಿತು. ಕೆರೆಯ ಕೆಸರು, ಆಗತಾನೆ ಕೊಯ್ದ ರೇಷ್ಮೆ ಸೊಪ್ಪು, ಒಂದಿಷ್ಟು ಮೀನು, ಎಲ್ಲ ಬೆರೆತ ಆಷಾಢದ ಗಾಳಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಒಬ್ಬಳೇ ಕೂತು ನಗುವುದಕ್ಕೆ ಶುರುಮಾಡಿದೆ. ಆಟೋದವನು ಕನ್ನಡಿಯಲ್ಲಿ ನೋಡಿ "ಏನಾಯ್ತಕ್ಕಾ?" ಅಂದ. "ನಮ್ಮೆಜಮಾನ್ರು ಈ ಕೆರೇಲಿ ಮೀನು ಹಿಡೀತಿದ್ರಪ್ಪ" ಅಂದೆ. ಅದರಲ್ಲಿ ನಗುವಂಥದ್ದು ಏನಿದೆ ಅಂತ ಅವನಿಗೆ ಗೊತ್ತಾಗಲಿಲ್ಲ. ಪಾಪ, ಅವರು ಹಿಡಿಯುತ್ತಿದ್ದ ಚೆಂದವನ್ನು ಅವನು ನೋಡಿಲ್ಲವಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ವರ್ಷ. ವೈಶಾಖದಲ್ಲಿ ನನ್ನ ಮದುವೆಯಾಯಿತು. ಹುಡುಗನ ಮನೆ ಗೌರಿಬಿದನೂರು, ಕೆಲಸ ಮಂಚೇನಹಳ್ಳಿಯ ಹೈಸ್ಕೂಲಿನಲ್ಲಿ, ವಿಜ್ಞಾನದ ಮೇಷ್ಟ್ರು. "ಗೌರ್ಮೆಂಟ್ ಕೆಲ್ಸ. ಬೀಡಿ ಇಲ್ಲ, ಇಸ್ಪೀಟಿಲ್ಲ, ಒಂದು ಜೋರು ಮಾತಿಲ್ಲ" ಅಂತ ನಮ್ಮಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಜೋರು ಮಾತು ಹಾಗಿರಲಿ, ಮೆತ್ತನೆಯ ಮಾತೂ ಇಲ್ಲ ಅನ್ನುವುದು ನನಗೆ ಮದುವೆಯಾದ ಮೇಲೆ ತಿಳಿಯಿತು. ಆ ಮನೆಯಲ್ಲಿ ಇದ್ದದ್ದು ಎರಡು ಕೋಣೆ. ಅದರೊಳಗೆ ಅತ್ತೆ, ಮಾವ, ಮೂವರು ನಾದಿನಿಯರು, ಜೊತೆಗೆ ಮದುವೆಗೆ ಬಂದು ಇನ್ನೂ ಹೊರಡದ ನೆಂಟರು. ಮೇಷ್ಟ್ರು ನನ್ನ ಜೊತೆ ಆಡಿದ್ದೆಲ್ಲ "ಊಟ ಆಯ್ತಾ?", "ದೀಪ ಆರಿಸ್ಲಾ?" ಅನ್ನುವಂಥ ಮಾತು. ನಾನೂ ಒಂದು ಮಾರ್ಕಿನ ಪ್ರಶ್ನೆಗೆ ಉತ್ತರ ಕೊಟ್ಟ ಹಾಗೆ "ಹೂಂ", "ಊಹೂಂ" ಅನ್ನುತ್ತಿದ್ದೆ. ಅಷ್ಟರಲ್ಲಿ ಆಷಾಢ ಬಂತು.

ನಮ್ಮ ಕಡೆ ಹೊಸದಾಗಿ ಮದುವೆಯಾದ ಹೆಣ್ಣು ಆಷಾಢದಲ್ಲಿ ಗಂಡನ ಮನೆಯಲ್ಲಿ ಇರಬಾರದು. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಅಳಿಯನಾದವನು ಹೆಂಡತಿಯ ತವರಿಗೆ ಕಾಲಿಡಬಾರದು, ಅತ್ತೆಯ ಮುಖ ನೋಡಬಾರದು. ಅಪ್ಪ ಬಂದು ನನ್ನನ್ನು ಕರೆದುಕೊಂಡು ಹೊರಟರು. ಮೇಷ್ಟ್ರು ಬಸ್ ಸ್ಟ್ಯಾಂಡಿನವರೆಗೂ ಬಂದು, ಕಿಟಕಿಯ ಪಕ್ಕ ನಿಂತು, ಏನೋ ಹೇಳುವುದಕ್ಕೆ ಬಾಯಿ ತೆರೆದರು. ಬಸ್ಸು ಹೊರಟೇಬಿಟ್ಟಿತು. ನಾನು ದಾರಿಯುದ್ದಕ್ಕೂ ಅಳುತ್ತಲೇ ಇದ್ದೆ. ಇಂಥ ಮೂಗನ ಜೊತೆ ಜೀವಮಾನ ಹೇಗಪ್ಪಾ ಕಳೆಯುವುದು ಅಂತ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಶ್ರಾವಣ ಬರುವುದೇ ಬೇಡ ಅನ್ನಿಸಿತ್ತು. ಅಪ್ಪನಿಗೆ ಅದು ಗಂಡನನ್ನು ಬಿಟ್ಟು ಬಂದ ಸಂಕಟದ ಹಾಗೆ ಕಂಡು, ಚಿಕ್ಕಬಳ್ಳಾಪುರದಲ್ಲಿ ಬಾಳೆಹಣ್ಣು ಕೊಡಿಸಿ ಸಮಾಧಾನ ಮಾಡಿದರು.

ಮೊದಲ ಭಾನುವಾರ ಬೆಳಿಗ್ಗೆ ನಾವೆಲ್ಲ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದೆವು. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಏದುಸಿರು ಬಿಡುತ್ತಾ ಓಡಿ ಬಂದ.

"ಅಣ್ಣಯ್ಯಾ, ಅಳಿಯಂದ್ರು ಬಂದವ್ರೆ! ಕೆರೆ ಏರಿ ಮೇಲೆ ನಿಂತವ್ರೆ! ಕೈಯಾಗೆ ಅದೇನೋ ಉದ್ದನೆ ಕೋಲು ಐತೆ!"

ಅಮ್ಮ ಸೊಪ್ಪಿನ ಮಂಕರಿಯನ್ನು ಅಲ್ಲೇ ಕೆಡವಿ ಅಡುಗೆಮನೆಗೆ ಓಡಿಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪನಿಗೆ ಏನು ಮಾಡಬೇಕೋ ತೋಚಲಿಲ್ಲ. ಇಂಥ ವಿಷಯದಲ್ಲಿ ನಮ್ಮ ಮನೆಯ ಹೈಕೋರ್ಟು ಅಂದರೆ ಅವ್ವ, ಅಪ್ಪನ ತಾಯಿ. ಎಲೆಯಡಿಕೆ ಅಗಿಯುತ್ತಲೇ ತೀರ್ಪು ಕೊಟ್ಟಳು.

"ಕೆರೆ ಏರಿ ಯಾರ ಹೊಸಿಲೂ ಅಲ್ಲ. ಅಲ್ಲಿ ನಿಂತ್ಕೊಳ್ಳಲಿ, ತಪ್ಪಿಲ್ಲ. ಆದ್ರೆ ಯಾಕೆ ಬಂದ, ಎಷ್ಟು ದಿನ ಬತ್ತಾನೆ, ಕೇಳ್ಕೊಂಡು ಬಾ."

ಚಿಕ್ಕಪ್ಪ ಹೋಗಿ ಬಂದು ವರದಿ ಒಪ್ಪಿಸಿದ. ಮೇಷ್ಟ್ರು ಹೇಳಿದ್ದು ಇಷ್ಟು: "ಮೀನು ಹಿಡಿಯೋಕೆ ಬಂದೆ ಮಾವ. ನಮ್ಮೂರ ಹೊಳೇಲಿ ನೀರಿಲ್ಲ. ಒಂದು ಮೀನು ಸಿಕ್ಕಿಬಿಟ್ರೆ ಸಾಕು, ಆಮೇಲೆ ನಿಮಗೆ ತೊಂದ್ರೆ ಕೊಡಲ್ಲ." ಗೌರಿಬಿದನೂರಿನ ಪಿನಾಕಿನಿಯಲ್ಲಿ ಮರಳು ಬಿಟ್ಟರೆ ಇನ್ನೇನೂ ಇಲ್ಲವೆನ್ನುವುದು ಅಪ್ಪನಿಗೂ ಗೊತ್ತಿತ್ತು. ನಮ್ಮ ಕೆರೆ ಹಿಂದಿನ ವರ್ಷದ ಹಿಂಗಾರಿಗೆ ಕೋಡಿ ಬಿದ್ದು, ಆಷಾಢದಲ್ಲೂ ಅರ್ಧ ತುಂಬಿತ್ತು. ಎರೆಹುಳ ಸಿಕ್ಕಿಸಿ ಗಾಳ ಬಿಟ್ಟರೆ ಸಣ್ಣ ಮಕ್ಕಳಿಗೂ ಮೀನು ಬೀಳುತ್ತಿತ್ತು. "ಒಂದು ಮೀನು ತಾನೇ, ಮಧ್ಯಾಹ್ನದ ಒಳಗೆ ಹಿಡ್ಕೊಂಡು ಹೋಗ್ತಾರೆ ಬಿಡು" ಅಂದರು ಅಪ್ಪ.

ಅಪ್ಪ ಮೇಷ್ಟ್ರ ಮೀನುಗಾರಿಕೆಯನ್ನು ಇನ್ನೂ ಕಂಡಿರಲಿಲ್ಲ.

ಬಿ.ಎಸ್‌ಸಿ. ಮುಗಿಸಿದ ಮೇಲೆ ಮೇಷ್ಟ್ರು ನೀಲಗಿರಿ ಕಡೆ ಒಂದು ಟೀ ತೋಟದ ಮ್ಯಾನೇಜರ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರಂತೆ. ಅಲ್ಲಿನ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಅನ್ನುವ ಮೀನು. ಆ ಮ್ಯಾನೇಜರು ಅದನ್ನು ಎರೆಹುಳ ಹಾಕಿ ಹಿಡಿಯುವುದು ಮರ್ಯಾದೆಯಲ್ಲ ಅನ್ನುತ್ತಿದ್ದರಂತೆ. ಕೋಳಿಗರಿಯನ್ನು ರೇಷ್ಮೆ ದಾರದಲ್ಲಿ ಕೊಕ್ಕೆಗೆ ಸುತ್ತಿ ಒಂದು ಸುಳ್ಳು ನೊಣ ಮಾಡಬೇಕು. ಬಾಗುವ ಕೋಲಿನಿಂದ ಅದನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ನಿಜವಾದ ನೊಣ ಕೂತ ಹಾಗೆ ನೀರಿನ ಮೇಲೆ ಇಳಿಸಬೇಕು. ಮೀನು ಮೋಸಹೋಗಬೇಕು. ಕೆಲಸ ಬಿಟ್ಟು ಬರುವಾಗ ಅವರೇ ಕೊಟ್ಟ ಹಳೆಯ ಕೋಲು ಇದು. ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರ, ಅಲ್ಲಿಂದ ಶಿಡ್ಲಘಟ್ಟ, ಅಲ್ಲಿಂದ ಚಿಂತಾಮಣಿ, ಹೀಗೆ ಬಸ್ಸಿಂದ ಬಸ್ಸಿಗೆ ಆ ಕೋಲನ್ನು ಹೊತ್ತುಕೊಂಡು ಮೇಷ್ಟ್ರು ಬರುತ್ತಿದ್ದರು. ಕಂಡಕ್ಟರುಗಳು ಇದಕ್ಕೆ ಲಗೇಜ್ ಹಾಕಬೇಕೋ ಬೇಡವೋ ಅಂತ ತಲೆ ಕೆರೆದುಕೊಳ್ಳುತ್ತಿದ್ದರು.

ನೀಲಗಿರಿಯ ವಿದ್ಯೆ ನಮ್ಮ ಆಷಾಢದ ಗಾಳಿಯ ಮುಂದೆ ನಡೆಯಲಿಲ್ಲ. ಮೇಷ್ಟ್ರು ದಾರವನ್ನು ಕೆರೆಯ ಕಡೆಗೆ ಬೀಸಿದರೆ ಗಾಳಿ ಅದನ್ನು ಹಾಗೇ ತಂದು ಅವರ ಮುಖಕ್ಕೆ ಎಸೆಯುತ್ತಿತ್ತು. ಮೊದಲ ಭಾನುವಾರ ಅವರಿಗೆ ಸಿಕ್ಕಿದ್ದು ಅವರದೇ ಅಂಗಿಯ ಕಾಲರ್, ಒಂದು ಹೊಂಗೆ ಕೊಂಬೆ, ಚಿಕ್ಕಪ್ಪನ ತಲೆಯ ಟವಲ್. ಎರಡನೆಯ ಭಾನುವಾರ ಒಂದು ಮೇಕೆಯ ಗಡ್ಡ ಸಿಕ್ಕಿತು. ಮೇಕೆ ಕೆರೆ ಅಂಗಳದುದ್ದಕ್ಕೂ ಓಡಿತು, ಕೋಲಿನ ದಾರ ಸುತ್ತಿದ್ದ ರಾಟೆ ಗರಗರ ತಿರುಗಿತು, ಮೇಷ್ಟ್ರು ಹಿಂದೆ ಓಡಿದರು, ಅವರ ಹಿಂದೆ ಮೇಕೆಯವಳು ಬೈಯುತ್ತಾ ಓಡಿದಳು. ಊರಿನವರೆಲ್ಲ ಏರಿಯ ಮೇಲೆ ಸಾಲಾಗಿ ಕೂತು ಕಡಲೆಕಾಯಿ ತಿನ್ನುತ್ತಾ ನೋಡಿದರು. ನಮ್ಮೂರಿನಲ್ಲಿ ಆಗ ಎರಡೋ ಮೂರೋ ಮನೆಯಲ್ಲಿ ಟೀವಿ ಇತ್ತು. ಭಾನುವಾರ ಅವನ್ನು ನೋಡುವವರೇ ಇಲ್ಲದಂತಾಯಿತು.

ಇನ್ನು ನಾನು. ಏರಿಯ ಕೆಳಗೇ ನಮ್ಮ ರೇಷ್ಮೆ ತೋಟ. ಬೇರೆ ದಿನ ಸೊಪ್ಪು ಕೊಯ್ಯಲು ನೂರು ಸಲ ಕೂಗಿಸಿಕೊಳ್ಳುತ್ತಿದ್ದವಳು ಭಾನುವಾರ ಕೋಳಿ ಕೂಗುವ ಮೊದಲೇ ಕುಡುಗೋಲು ಹಿಡಿದು ನಿಂತಿರುತ್ತಿದ್ದೆ. ಅವ್ವ ಇದನ್ನು ಗಮನಿಸದೆ ಬಿಡುತ್ತಾಳಾ? "ಆಷಾಢದಾಗೆ ಗಂಡ ಹೆಂಡ್ತಿ ಸೇರಿದ್ರೆ ಕೆಂಡದಂಥ ಬೇಸಿಗೇಲಿ ಹೆರಿಗೆ ಆಯ್ತದೆ, ಗೊತ್ತಾ?" ಅಂತ ಹೇಳಿ, ಎಲೆಯಡಿಕೆ ಚೀಲ ತಗೊಂಡು ತಾನೂ ಏರಿಯ ಮೇಲೆ ಕಾವಲು ಕೂತಳು. ಅತ್ತ ಮೊಮ್ಮಗಳು, ಇತ್ತ ಅಳಿಯ, ನಡುವೆ ಅವ್ವ. ಕಾಯಲು ಕೂತವಳು ಸ್ವಲ್ಪ ಹೊತ್ತಿಗೆ ಕಾವಲು ಮರೆತು, "ಇನ್ನೂ ಮೇಲೆತ್ತಿ ಬೀಸಪ್ಪಾ! ಗಾಳಿ ನಿಂತಾಗ ಬೀಸಪ್ಪಾ!" ಅಂತ ಕೂಗಲು ಶುರುಮಾಡಿದಳು.

ಗಂಡನನ್ನು ನಾನು ಕಣ್ಣು ತುಂಬಾ ನೋಡಿದ್ದು ಆಗಲೇ. ಮನೆಯಲ್ಲಿ ನೋಡಲು ಎಲ್ಲಿ ಬಿಡುವಿತ್ತು? ಊರೆಲ್ಲ ನಗುತ್ತಿದ್ದರೂ ಆ ಮನುಷ್ಯ ಸಿಟ್ಟಾಗುತ್ತಿರಲಿಲ್ಲ. ಸಿಕ್ಕು ಬಿಡಿಸಿಕೊಂಡು, ಮೇಕೆಯವಳ ಹತ್ತಿರ ಕ್ಷಮೆ ಕೇಳಿ, ಮತ್ತೆ ಬೀಸುತ್ತಿದ್ದರು. ಆಗಾಗ ದಾರ ಸರಿಮಾಡುವ ನೆಪದಲ್ಲಿ ತೋಟದ ಕಡೆ ತಿರುಗುತ್ತಿದ್ದರು. ನಾನು ಸೊಪ್ಪಿನ ಮರೆಗೆ ಸರಿಯುತ್ತಿದ್ದೆ. ಇವರು ಮೂಗರಲ್ಲ, ಸಂಕೋಚದವರು ಅಂತ ನನಗೆ ಅರ್ಥವಾಗುತ್ತಾ ಬಂತು. ಎರಡನೆಯ ಭಾನುವಾರ ಸಂಜೆ ಅವರು ಬಸ್ಸಿಗೆ ಹೊರಟಾಗ, ಕಣ್ಮರೆಯಾಗುವವರೆಗೂ ತೋಟದಲ್ಲೇ ನಿಂತು ನೋಡಿದೆ. ಶ್ರಾವಣ ಬೇಗ ಬರಲಿ ಅಂತ ಆಗ ಅನ್ನಿಸಿತು.

ಮೂರನೆಯ ಭಾನುವಾರದ ಎಡವಟ್ಟಿಗೆ ಕಾರಣ ಚಿಕ್ಕಪ್ಪ. ಅವನಿಗೆ ಅಳಿಯಂದಿರ ಮೇಲೆ ಅಪಾರ ಮರುಕ. ನೊಣ ಕಟ್ಟಲು ಕೆಂಪು ಗರಿ ಬೇಕು ಅಂತ ಅವರು ಅಂದದ್ದಕ್ಕೆ, ಅವ್ವ ಮಗುವಿನಂತೆ ಸಾಕಿದ್ದ ಹುಂಜದ ಕತ್ತನ್ನೇ ಬೋಳು ಮಾಡಿಕೊಟ್ಟಿದ್ದ. ಹುಂಜಕ್ಕೆ ಯಾವುದೋ ರೋಗ ಬಂತು ಅಂತ ಅವ್ವ ಅರಿಶಿಣ ಬಳಿಯುತ್ತಿದ್ದಳು. ಇಷ್ಟಾದರೂ ಮೀನು ಬೀಳದ್ದನ್ನು ಕಂಡು ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. "ನಮ್ಮನೆ ಅಳಿಯನ್ನ ನೋಡಿ ಊರೋರು ನಗೋದಾ?" ಅಂತ ಹುಳದ ಮನೆಗೆ ನುಗ್ಗಿ, ಗೂಡು ಕಟ್ಟಲು ಹಣ್ಣಾಗಿದ್ದ ಒಂದು ದಪ್ಪ ರೇಷ್ಮೆ ಹುಳವನ್ನು ಮಡಿಲಲ್ಲಿಟ್ಟುಕೊಂಡು ಏರಿಗೆ ಹೋದ. ಮೇಷ್ಟ್ರು ನೀರು ಕುಡಿಯಲು ಆಚೆ ತಿರುಗಿದಾಗ ಅದನ್ನು ಕೊಕ್ಕೆಗೆ ಚುಚ್ಚಿಬಿಟ್ಟ.

ಮೇಷ್ಟ್ರು ಬೀಸಿದರು. ಹುಳದ ಭಾರಕ್ಕೋ ಏನೋ, ಅಂದು ಗಾಳಿಯನ್ನೂ ಸೀಳಿಕೊಂಡು ದಾರ ನೆಟ್ಟಗೆ ಹೋಗಿ ಜೊಂಡಿನ ಪಕ್ಕ ಬಿತ್ತು. ನೀರು ಢಬ್ ಅಂತ ಹಾರಿತು. ಕೋಲು ಬಿಲ್ಲಾಗಿ ಬಾಗಿತು. ಏರಿಯ ಮೇಲಿದ್ದವರೆಲ್ಲ ಎದ್ದು ನಿಂತರು. ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ನೀರಿಗೆ ಇಳಿದೇಬಿಟ್ಟ. ಮೇಲೆ ಬಂದದ್ದು ಒಂದು ಮೊಳದ ಕೊರಮೀನು. ಊರಿನಲ್ಲಿ ಅಷ್ಟು ದೊಡ್ಡದು ಕಂಡು ಎಷ್ಟೋ ಕಾಲವಾಗಿತ್ತು. ಅವ್ವ ಕೈಯೆತ್ತಿ ಗಂಗಮ್ಮನಿಗೆ ಮುಗಿದಳು. ನಾನು ತೋಟದಲ್ಲಿ ಕುಡುಗೋಲು ಹಿಡಿದುಕೊಂಡೇ ಕುಣಿದೆ.

ಮೇಷ್ಟ್ರ ಮುಖ ಮಾತ್ರ ಸಾವಿನ ಮನೆಗೆ ಬಂದವರ ಹಾಗಿತ್ತು. ಮೀನನ್ನು ನೋಡಿದರು. ತೋಟದ ಕಡೆ ನೋಡಿದರು. ಕೊಕ್ಕೆ ಬಿಡಿಸಿದರು. ಎಲ್ಲರೂ ನೋಡುತ್ತಿದ್ದಂತೆ ಬಗ್ಗಿ, ಆ ಮೀನನ್ನು ನೀರಿಗೆ ಬಿಟ್ಟುಬಿಟ್ಟರು. ಅದು ಬಾಲ ಬಡಿದು ಮಾಯವಾಯಿತು.

ಅವ್ವನ ಬಾಯಿಂದ ಬಂದದ್ದು ಶುದ್ಧ ತೆಲುಗು. "ಪಿಚ್ಚೋಡು!" ಹುಚ್ಚ ಅಂತ. ಅವ್ವನಿಗೆ ವಿಪರೀತ ಸಿಟ್ಟು ಬಂದಾಗ ಕನ್ನಡ ಸಾಲುತ್ತಿರಲಿಲ್ಲ.

ಆ ರಾತ್ರಿ ಮನೆಯಲ್ಲಿ ದೊಡ್ಡ ಪಂಚಾಯ್ತಿ. ಸೊಂಟದವರೆಗೂ ಒದ್ದೆಯಾಗಿದ್ದ ಚಿಕ್ಕಪ್ಪನಿಗೇ ಎಲ್ಲರಿಗಿಂತ ಹೆಚ್ಚು ನೋವು. "ನಾನೇ ಕಣ್ಣಾರೆ ಕಂಡೆ ಅಣ್ಣಯ್ಯಾ. ತಪ್ಪಿಸಿಕೊಂಡು ಹೋಗಿದ್ದಲ್ಲ, ಬೇಕೂಂತ ಬಿಟ್ರು."

"ಕೈಗೆ ಬಂದಿದ್ದನ್ನ ಬಿಡೋನು ನಾಳೆ ನಮ್ಮ ಹುಡ್ಗೀನ ಎಲ್ಲಿ ಬಿಡ್ತಾನೋ" ಅಂದಳು ಅವ್ವ. "ತಲೆ ಸರೀಗಿಲ್ಲ ಆ ಹುಡ್ಗಂಗೆ. ಬಾಯಿಲ್ಲ ಅಂತ ನೀನು ಮೆಚ್ಕೊಂಡು ಬಂದೆಯಲ್ಲ, ಬಾಯಿ ಯಾಕಿಲ್ಲ ಅಂತ ವಿಚಾರಿಸಿದ್ಯಾ?"

ಕೊನೆಗೆ ತೀರ್ಮಾನವಾಯಿತು. ಶ್ರಾವಣದಲ್ಲಿ ನನ್ನನ್ನು ಕಳಿಸುವುದು ಬೇಡ. ಬೀಗರನ್ನು ಕರೆಸಿ, ಹುಡುಗನನ್ನು ಒಳ್ಳೆಯ ಡಾಕ್ಟರಿಗೆ ತೋರಿಸಿ ಅಂತ ಹೇಳಿ, ಅವರು ಏನನ್ನುತ್ತಾರೆ ನೋಡಿಕೊಂಡು ಮುಂದಿನ ಮಾತು. ಬಾಗಿಲ ಸಂದಿಯಲ್ಲಿ ನಿಂತು ನಾನು ಎಲ್ಲ ಕೇಳಿಸಿಕೊಂಡೆ. ಬೇಡ ಬೇಡ ಅಂದುಕೊಂಡಿದ್ದ ಗಂಡ ಈಗ ಬೇಕಾಗಿದ್ದಾರೆ, ಈಗ ಇವರು ಕಳಿಸುವುದಿಲ್ಲ ಅನ್ನುತ್ತಾರೆ. ನನ್ನ ಹಣೆಬರಹವೇ ಅನ್ನಿಸಿತು.

ಮುಂದಿನ ಭಾನುವಾರ, ಆಷಾಢದ ಕೊನೆಯದು. ಇದ್ಯಾವುದೂ ಗೊತ್ತಿಲ್ಲದ ಮೇಷ್ಟ್ರು ಕೋಲು ಹಿಡಿದು ಬಂದರು. ನೋಡಲು ಜನ ಕಡಿಮೆ. ಹುಚ್ಚನ ಹತ್ತಿರ ಯಾಕೆ ಅಂತ ಮಕ್ಕಳನ್ನೂ ಮನೆಯಲ್ಲಿ ಕೂಡಿಹಾಕಿದ್ದರು. ಅವ್ವ ಮಾತ್ರ ತನ್ನ ಜಾಗದಲ್ಲಿ ಬಿಗಿದ ಮುಖದಲ್ಲಿ ಕೂತಿದ್ದಳು. ಅಂದು ಗಾಳಿ ಎಂದಿಗಿಂತ ಜೋರು. ಮೇಷ್ಟ್ರು ಕೋಲನ್ನು ಹಿಂದಕ್ಕೆ ಎತ್ತಿದ್ದೇ ತಡ, ಗಾಳಿ ದಾರವನ್ನು ಏರಿಯಿಂದ ಕೆಳಕ್ಕೆ ತೋಟಕ್ಕೆ ತಂದು, ಕೊಕ್ಕೆಯನ್ನು ಸೀದಾ ನನ್ನ ಸೆರಗಿಗೆ ಸಿಕ್ಕಿಸಿತು. ಮೇಷ್ಟ್ರು ಜಗ್ಗಿದರು. ನಾನು "ಅಯ್ಯಯ್ಯೋ!" ಅಂತ ಕಿರುಚಿದೆ.

ಕೋಲು ಬಿಸಾಕಿ ಓಡಿ ಬಂದರು. "ಅಲ್ಲಾಡಬೇಡ, ಸೀರೆ ಹರಿಯುತ್ತೆ" ಅಂತ ಬಗ್ಗಿ ಬಿಡಿಸಲು ನಿಂತರು.

"ಸೀರೆ ಹರಿದ್ರೆ ಹರೀಲಿ ಬಿಡ್ರೀ!" ಅಂದೆ. ಇಷ್ಟು ದಿನ ಹೂಂ ಊಹೂಂ ಅಂದುಕೊಂಡಿದ್ದವಳಿಗೆ ಅಷ್ಟು ಗಂಟಲು ಎಲ್ಲಿಂದ ಬಂತೋ. "ಆ ಮೀನು ಯಾಕೆ ಬಿಟ್ರಿ? ಊರೆಲ್ಲ ನಿಮಗೆ ಹುಚ್ಚು ಅಂತಾರೆ. ಶ್ರಾವಣಕ್ಕೆ ನನ್ನ ಕಳಿಸಲ್ಲ ಅಂತ ಮನೇಲಿ ಮಾತಾಗಿದೆ!"

ಅವರು ಬೆಚ್ಚಿಬಿದ್ದು ತಲೆ ಎತ್ತಿದರು.

"ಒಂದು ಮೀನು ಸಿಕ್ಕೋವರೆಗೂ ಬರ್ತೀನಿ ಅಂತ ನಿಮ್ಮ ಚಿಕ್ಕಪ್ಪನ ಹತ್ರ ಮೊದಲ್ನೇ ದಿನವೇ ಬಾಯಿ ತಪ್ಪಿ ಹೇಳಿಬಿಟ್ಟೆ. ಅದನ್ನ ತಗೊಂಡು ಹೋಗಿದ್ರೆ ಈ ಭಾನುವಾರ ಯಾವ ಮುಖ ಇಟ್ಕೊಂಡು ಬರ್ಲಿ? ನಿನ್ನ ಹೇಗೆ ನೋಡ್ಲಿ?" ಅಂದರು. ಆಮೇಲೆ ಮೆಲ್ಲಗೆ, "ಬೀಳ್ದೇ ಇರೋ ಹಾಗೇ ತಾನೇ ಅಷ್ಟು ದಿನ ಬೀಸ್ತಾ ಇದ್ದೆ. ಅದು ಹೇಗೆ ಬಿತ್ತೋ ನನಗಂತೂ ಗೊತ್ತಿಲ್ಲ" ಅಂದರು.

ನನಗೆ ಅಳು ಬಂತು, ನಗುವೂ ಬಂತು. ಮೂರು ಬಸ್ಸು ಬದಲಾಯಿಸಿ, ಊರವರ ಕೈಲಿ ನಗಿಸಿಕೊಂಡು, ಸಿಕ್ಕ ಮೀನನ್ನೂ ಬೇಕೆಂದೇ ಬಿಟ್ಟು ಈ ಮನುಷ್ಯ ಬಂದದ್ದು ನನಗೋಸ್ಕರ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಏರಿಯ ಮೇಲಿಂದ ಅವ್ವ ಕೂಗಿದಳು. "ಇನ್ನೂ ಬಿಡಿಸಿದ್ದಾಗಲಿಲ್ವಾ? ಒಂದು ಕೊಕ್ಕೆಗೆ ಎಷ್ಟು ಹೊತ್ತೋ?"

ಸಂಜೆ ಅಪ್ಪ ನನ್ನನ್ನು ಎದುರಿಗೆ ಕೂರಿಸಿಕೊಂಡರು. "ಹೇಳಮ್ಮಾ, ಆ ಹುಡ್ಗನ ಜೊತೆ ಬಾಳ್ವೆ ಮಾಡಕ್ಕೆ ನಿಂಗೆ ಧೈರ್ಯ ಐತಾ? ಇಲ್ಲ ಅಂದ್ರೆ ಈಗ್ಲೇ ಹೇಳು."

ಅವ್ವ, ಅಮ್ಮ, ಚಿಕ್ಕಪ್ಪ ಎಲ್ಲರೂ ಇದ್ದರು. ಗಂಡನ ಮೇಲಿನ ಆಸೆಯನ್ನು ಹಿರಿಯರ ಮುಂದೆ ಹೇಳುವುದೆಂದರೆ ನಮ್ಮ ಮನೆಯಲ್ಲಿ ಸೀರೆ ಇಲ್ಲದೆ ಬೀದಿಗೆ ಬಂದಷ್ಟು ನಾಚಿಕೆಗೇಡು. ನಾನು ನೆಲ ನೋಡುತ್ತಾ ಹೇಳಿಯೇಬಿಟ್ಟೆ. "ಅವ್ರಿಗೆ ಹುಚ್ಚಿಲ್ಲ ಅಪ್ಪ. ಮೀನು ಸಿಕ್ಕಿದ್ರೆ ಇಲ್ಲಿಗೆ ಬರೋಕೆ ನೆಪ ಇರಲ್ಲ ಅಂತ ಬಿಟ್ರು. ನನ್ನ ನೋಡೋಕೆ ಬರ್ತಿದ್ರು. ನಂಗೆ ಅವ್ರೇ ಬೇಕು. ಶ್ರಾವಣ ಹುಟ್ಟಿದ ತಕ್ಷಣ ಕಳಿಸಿಬಿಡಿ."

ಅಪ್ಪ ಕೆಮ್ಮಿದರು. ಚಿಕ್ಕಪ್ಪ ಸೂರು ನೋಡಿದ. ಅವ್ವ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಿಮ್ಮ ತಾತ ಆಷಾಢದಾಗೆ ಹಸ ಕೊಳ್ಳಕ್ಕೆ ಅಂತ ನಮ್ಮೂರಿಗೆ ಬತ್ತಿದ್ದ. ಊರಾಗಿರೋ ಹಸದ ಹಲ್ಲೆಲ್ಲ ಎಣಿಸ್ದ. ಒಂದ್ನೂ ಕೊಳ್ಳಲಿಲ್ಲ. ಕಳಿಸೋ ಹುಡ್ಗೀನ, ಸುಮ್ನೆ ಕಳಿಸು!"

ಅದುವರೆಗೂ ತುಟಿ ಬಿಚ್ಚದಿದ್ದ ಅಮ್ಮ ಆಗ ತನ್ನದೇ ಲೆಕ್ಕ ಹಾಕಿದಳು. "ಪಾಪ, ಮೀನು ಅಂದ್ರೆ ಅಷ್ಟು ಆಸೆ ಇರೋ ಹುಡುಗ. ನನ್ನ ಮಗಳಿಗೋಸ್ಕರ ಅಂಥ ಕೊರಮೀನು ಬಿಟ್ಟುಬಿಟ್ನಲ್ಲ. ಮನೆಗೆ ಬರ್ಲಿ, ಹೊಟ್ಟೆ ತುಂಬ ಮೀನು ಸಾರು ಹಾಕ್ತೀನಿ" ಅಂದಳು.

ಶ್ರಾವಣ ಬಂತು. ನಮ್ಮ ಮನೆಯಲ್ಲಿ ಸೋಮವಾರ, ಶನಿವಾರ ಬಿಟ್ಟರೆ ಉಳಿದ ದಿನ ಮೀನು ಮಾಂಸಕ್ಕೆ ಅಡ್ಡಿಯಿರಲಿಲ್ಲ. ಭಾನುವಾರ ಮೇಷ್ಟ್ರು ಬರಿಗೈಯಲ್ಲಿ ಹೊಸಿಲು ದಾಟಿ ಒಳಗೆ ಬಂದರು. ತಿಂಗಳಿಡೀ ಬಾಗಿಲ ಹಿಂದೆ ಅಡಗಿದ್ದ ಅಮ್ಮ ಅಂದು ಎದುರಿಗೆ ನಿಂತು ಅಳಿಯನ ಮುಖ ನೋಡಿದಳು. ಚಿಕ್ಕಪ್ಪ ಬಲೆ ಬೀಸಿ ತಂದ ಕೊರಮೀನಿನ ಸಾರು, ಬಿಸಿ ಮುದ್ದೆ. ಅಮ್ಮ ತಾನೇ ಬಡಿಸಿದಳು. ಒಂದು ತುಂಡು ಮುಗಿಯುವ ಮೊದಲೇ ಇನ್ನೊಂದು. "ನಾಚ್ಕೋಬೇಡಿ ಅಳಿಯಂದ್ರೇ, ನಿಮಗೋಸ್ಕರಾನೇ ಮಾಡಿದ್ದು." ಮೇಷ್ಟ್ರು ತಲೆ ಎತ್ತದೆ ಎಲ್ಲವನ್ನೂ ತಿಂದರು. "ಚೆನ್ನಾಗಿದೆ ಅತ್ತೆ" ಅಂದರು. ತಲೆಯನ್ನೂ ತಿಂದರು. ಅಮ್ಮನಿಗೆ ಕಣ್ಣಲ್ಲಿ ನೀರು.

ಊಟ ಮುಗಿಸಿ ನನ್ನನ್ನು ಕರೆದುಕೊಂಡು ಹೊರಟರು. ಬಸ್ಸಿನಲ್ಲಿ ಅವರು ಮಾತಾಡಲಿಲ್ಲ. ಮತ್ತೆ ಹಳೆಯ ಕಥೆಯೇ ಶುರುವಾಯಿತೇನೋ ಅಂದುಕೊಂಡೆ. ಶಿಡ್ಲಘಟ್ಟದಲ್ಲಿ ಬಸ್ಸು ನಿಂತದ್ದೇ, ಬಾಯಿಗೆ ಕರ್ಚೀಫು ಒತ್ತಿಕೊಂಡು ಇಳಿದು ಓಡಿದರು. ನಾನೂ ಹಿಂದೆ ಓಡಿದೆ. ಒಂದು ಗೋಡೆಯ ಹಿಂದೆ ತಿಂದದ್ದೆಲ್ಲ ಹೊರಗೆ ಬಂತು. ನಾನು ಬೆನ್ನು ನೀವಿ, ಪಕ್ಕದ ಹೋಟೆಲಿನಿಂದ ನೀರು ತಂದುಕೊಟ್ಟೆ.

"ಏನಾಯ್ತು ರೀ? ಸಾರು ಕೆಟ್ಟಿತ್ತಾ?"

"ಇಲ್ಲ, ಇಲ್ಲ" ಅಂದರು ಮುಖ ತೊಳೆದುಕೊಳ್ಳುತ್ತಾ. "ನಂಗೆ ಮೀನಿನ ವಾಸನೆಯೇ ಆಗಲ್ಲ. ಹುಟ್ಟಿದಾಗಿಂದ ಬಾಯಿಗೆ ಇಟ್ಟೋನಲ್ಲ."

"ಮತ್ತೆ ಅಷ್ಟೊಂದು ಯಾಕೆ ತಿಂದ್ರಿ?"

"ನಿಮ್ಮಮ್ಮ ಅಷ್ಟು ಪ್ರೀತಿಯಿಂದ ಹಾಕ್ತಿದ್ರೆ ಬೇಡ ಅನ್ನೋಕಾಗುತ್ತಾ?"

ನಾನು ಅಲ್ಲೇ ಗೋಡೆಗೆ ಒರಗಿ ನಕ್ಕೆ. ಅವರೂ ನಕ್ಕರು. ಗೌರಿಬಿದನೂರು ತಲುಪುವವರೆಗೂ ನಾವಿಬ್ಬರೂ ಬಾಯಿ ಮುಚ್ಚಲಿಲ್ಲ.

ಅಮ್ಮ ಬದುಕಿದ್ದವರೆಗೂ ಅಳಿಯ ಬಂದಾಗಲೆಲ್ಲ ಮೀನು ಸಾರು ಮಾಡಿದಳು. ಅವರು ಒಂದು ಸಲವೂ ಬೇಡ ಅನ್ನಲಿಲ್ಲ.